ಹತ್ತು ಮೀಟರು ಹೆಚ್ಚು

ವಾರದಲ್ಲಿ ನಾಲ್ಕು ದಿನ ನೌಕರಳು,
ಎರಡು ದಿನ ವಿದ್ಯಾರ್ಥಿನಿ.
ಕೊರಳಿಗೆ ಹಳದಿ ಪಟ್ಟಿ. ಖಾಯಂ ಆದವರಿಗೆ ನೀಲಿ.
ಕ್ಯಾಂಟೀನಿನ ಹುಡುಗ ಪಟ್ಟಿಯ ಬಣ್ಣ ನೋಡಿಯೇ
ಗ್ಲಾಸು ತುಂಬಿಸುತ್ತಾನೆಂದು ನನಗೊಂದು ಅನುಮಾನ.

ಬೆಳಿಗ್ಗೆ ಏಳೂಕಾಲರ ಬೋಟು, ಬೆಂಗ್ರೆಯಿಂದ ಬಂದರಿಗೆ.
ಮೀನಿನ ಬುಟ್ಟಿಗಳ ನಡುವೆ ನನ್ನ ಚೀಲ:
ಗಾಜು ಸೀಳುವ ಬ್ಲೇಡು, ಸ್ಪಿರಿಟ್ಟಿನ ಬಾಟಲಿ,
ಮೂರನೇ ಸೆಮಿಸ್ಟರಿನ ನೋಟ್ಸು, ಉಮ್ಮ ಕಟ್ಟಿದ ಅಕ್ಕಿರೊಟ್ಟಿ.
"ನಿನ್ನದೇ ಕಂಪೆನಿ ಅಲ್ವಾ," ಅನ್ನುತ್ತಾಳೆ ಉಮ್ಮ,
"ನಮ್ಮ ಅಡುಗೆಮನೆಗೆ ಮಾತ್ರ ಯಾಕೆ ಒಂದೇ ಕಡ್ಡಿ?"
ಬೋಟಿನಲ್ಲಿ ವಾರಿಜಕ್ಕನಿಗೆ ತಿಳಿಯಬೇಕು,
ಧಾರಾವಾಹಿಯ ಅತ್ತೆಯ ಮುಖ
ಅಳುವಾಗಲೇ ಯಾಕೆ ಚೌಕ ಚೌಕ ಆಗುತ್ತದೆಂದು.
ದೇಶದ ಅಷ್ಟೂ ಟವರುಗಳಿಗೆ ಈ ದಡದಲ್ಲಿ
ನಾನೊಬ್ಬಳೇ ಜವಾಬ್ದಾರಿ.

ಹಿಲರಿ ಪಿಂತೊ ನನಗೆ ಕಲಿಸುವವರು.
ಕಾಗದದಲ್ಲಿ ಮಾರ್ಗದರ್ಶಿ, ಬಾಯಲ್ಲಿ ಬರೀ ಬೈಗುಳ.
"ತಾಮ್ರಕ್ಕೆ ಮರ್ಯಾದೆ ಇತ್ತು ಮಾರಾಯ್ತಿ,
ತಿರುಚಿ ಗಂಟು ಹಾಕಿದರೂ ಮಾತಾಡ್ತಿತ್ತು. ಈ ಗಾಜು?
ಕೈ ಬೆವರಿದರೂ ಕೋಪ."
ಮಂಗಳೂರಿನಲ್ಲಿ ಯಾರ ಕೈ ಬೆವರುವುದಿಲ್ಲ?
ಮೊದಲ ತಿಂಗಳು ಜೋಡಿಸಿದ್ದು ಹನ್ನೊಂದು, ನಿಂತದ್ದು ನಾಲ್ಕು.
ಒಂದು ಚೂರು ಹೆಬ್ಬೆರಳಿಗೆ ಹೊಕ್ಕು
ಕಾಣಲೂ ಇಲ್ಲ, ಬಿಡಲೂ ಇಲ್ಲ,
ಮೂರು ದಿನ, ಅನ್ನ ಕಲಸುವಾಗೆಲ್ಲ ನೆನಪಾಯಿತು.

ಕಾಲೇಜಿನ ಪ್ರಶ್ನೆಪತ್ರಿಕೆ ಕೇಳಿತು:
ಪೂರ್ಣ ಆಂತರಿಕ ಪ್ರತಿಫಲನವನ್ನು ವಿವರಿಸಿ. ಹತ್ತು ಅಂಕ.
ಬರೆದೆ: ಹೊರಗೆ ದಾರಿಯಿಲ್ಲದ ಬೆಳಕು
ಗೋಡೆಗೆ ಬಡಿದು ಬಡಿದು ಮುಂದಕ್ಕೇ ಹೋಗುತ್ತದೆ,
ತೀರಾ ಬಗ್ಗಿಸಿದರೆ ಮಾತ್ರ ಸೋರುತ್ತದೆ.
ನಾಲ್ಕು ಅಂಕ. ಬದಿಯಲ್ಲಿ ಕೆಂಪು ಶಾಯಿ: ಚಿತ್ರ ಎಲ್ಲಿ?

ಆಗಸ್ಟ್. ಮಹಾಕಾಳಿಪಡ್ಪಿನ ರೈಲ್ವೇ ಗೇಟಿನ ಹತ್ತಿರ
ಏನೋ ಒಂದು ಕೇಬಲು ಕಚ್ಚಿತ್ತು.
ಪಾಂಡೇಶ್ವರದಲ್ಲಿ ಕೂತು ಗಾಜಿನೊಳಗೆ ಬೆಳಕು ಬಿಟ್ಟೆ,
ಮರಳಿ ಬಂದಷ್ಟನ್ನು ಯಂತ್ರ ಲೆಕ್ಕ ಹಾಕಿತು:
ಎರಡು ಸಾವಿರದ ನೂರ ಎಂಬತ್ತು ಮೀಟರು.
ನಕ್ಷೆಯಲ್ಲಿ ಅಳೆದೆ. ಅಗೆಸಿದೆ.
ಕೇಬಲು ನುಣ್ಣಗೆ ಮಲಗಿತ್ತು, ಒಂದು ಗೀರೂ ಇಲ್ಲ.
ಅಗೆದ ಇಬ್ಬರು ನನ್ನನ್ನಲ್ಲ,
ಹಳದಿ ಪಟ್ಟಿಯನ್ನು ನೋಡಿದರು.

ಹಿಲರಿಯವರು ಕೊಡೆಯೊಳಗಿಂದ ಕೇಳಿದರು,
"ದಾರಿಯಲ್ಲಿ ಎಷ್ಟು ಗುಂಡಿ ಉಂಟು?"
ಆರು.
"ಒಂದೊಂದರಲ್ಲಿ ಹತ್ತು ಮೀಟರು ಸುತ್ತಿಟ್ಟಿರ್ತಾರೆ.
ಬೆಳಕು ಅದನ್ನೂ ನಡೆದೇ ಬರಬೇಕಲ್ಲ.
ನಿನ್ನ ನಕ್ಷೆ ನಡೀತದಾ?"
ಅರವತ್ತು ಮೀಟರು ಹಿಂದೆ ಬಂದೆವು.
ಹೆಂಚಿನ ಕಾರ್ಖಾನೆಯ ಪಾಳುಗೋಡೆಯ ಬುಡ. ಹೆಗ್ಗಣ.

ಜೋಡಿಸಲು ಎಳೆಯಬೇಕು, ಎಳೆಯಲು ಉದ್ದ ಬೇಕು.
ಪಕ್ಕದ ಗುಂಡಿಯ ಕೆಸರಿನಡಿ ಅಚ್ಚುಕಟ್ಟಾದ ಸುರುಳಿ,
ತಗಡಿನ ಚೀಟಿಯಲ್ಲಿ ಮೊಳೆಯಿಂದ ಗೀಚಿದ ಇಸವಿ,
ನಾನು ಮೂರನೇ ಕ್ಲಾಸಿನಲ್ಲಿದ್ದದ್ದು.
ಹೆಸರು ಅರ್ಧ ತುಕ್ಕು: ...ನಂದ ಕೆ.
"ಸದಾನಂದನೋ ದಯಾನಂದನೋ. ಇಬ್ಬರೂ ಬಿಟ್ಟರು.
ಒಬ್ಬ ರಿಕ್ಷಾ ಓಡಿಸ್ತಾನೆ, ಇನ್ನೊಬ್ಬನದ್ದು ಗೊತ್ತಿಲ್ಲ."

ಟಾರ್ಪಾಲಿನಡಿ ಇಪ್ಪತ್ತನಾಲ್ಕು ಎಳೆ.
ಒಂದೊಂದಕ್ಕೂ ಕಿಡಿ, ಪರದೆಯ ಮೇಲೆ ಒಂದೊಂದು ನಷ್ಟ:
ಸೊನ್ನೆ ಬಿಂದು ಸೊನ್ನೆ ಎರಡು. ಸೊನ್ನೆ ಬಿಂದು ಸೊನ್ನೆ ನಾಲ್ಕು.
ಹದಿನೇಳನೆಯದು ಕೆಟ್ಟಿತು, ಮತ್ತೆ ಸೀಳಿದೆ.
ಗೇಟು ಬಿತ್ತು, ರೈಲು ಹೋಯಿತು, ಗೇಟು ಎದ್ದಿತು.

ಸುರುಳಿಯಲ್ಲಿ ಉಳಿದದ್ದು ಎರಡೇ ಮೀಟರು.
"ಮುಚ್ಚಬಹುದು," ಎಂದರು, "ಲೈನು ಬಂತು.
ಹೊಸ ತುಂಡು ಸೇರಿಸಿದರೆ
ಪುನಃ ಇಪ್ಪತ್ತನಾಲ್ಕು. ನಿನ್ನ ಬೋಟು ತಪ್ತದೆ."
ಅಷ್ಟು ಹೇಳಿ ಕೊಡೆ ನನ್ನ ತಲೆಯ ಮೇಲೆ ಹಿಡಿದರು.
ಅವರು ಬೈಯಲಿಲ್ಲವಾದ್ದರಿಂದ ನನಗೆ ಗೊತ್ತಾಯಿತು.
ಬ್ಲೇಡು ಒರೆಸಿಕೊಂಡೆ.

ಹೊಸ ತಗಡಿನಲ್ಲಿ ಗೀಚಿದೆ: ರಮ್ಲತ್, ಬೆಂಗ್ರೆ.
ಮೊಳೆ ಜಾರಿ 'ತ್' ಒಡೆದುಹೋಯಿತು.

ನದಿಗೆ ಅಡ್ಡ ಐದು ನಿಮಿಷದ ಮನೆಗೆ
ಕೂಳೂರು ಸೇತುವೆ ಸುತ್ತಿ, ತಣ್ಣೀರುಬಾವಿ ದಾಟಿ,
ಅವರ ಸ್ಕೂಟರಿನ ಹಿಂದೆ ಮುಕ್ಕಾಲು ಗಂಟೆ.
ಉಮ್ಮ ತೆಂಗಿನಕಟ್ಟೆಯ ಮೇಲೆ ನಿಂತಿದ್ದಳು,
ಫೋನು ತಲೆಗಿಂತ ಎತ್ತರಕ್ಕೆ ಹಿಡಿದು.
"ಎಷ್ಟು ಸಲ ಮಾಡಿದೆ ಗೊತ್ತುಂಟಾ ನಿನಗೆ?"
ಹಿಲರಿಯವರು ಮಾತಾಡದೆ ಗಾಡಿ ತಿರುಗಿಸಿಕೊಂಡರು.