ಎರಡು ಗೇಣು ಕೆಳಗ

ಕನ್ನಡಿ ತೂಗಿದ ಮೊಳಿ ಮಾವನ ಕಾಲದ್ದು.
ಮಾವ ಉದ್ದ ಮನಿಷ್ಯಾ, ನಿಂತ ಗಡ್ಡಾ ಕೆರೀತಿದ್ದ.
ಆಮ್ಯಾಲ ಅದೇ ಮೊಳಿ ಮುಂದ ಇವರು.
ನಂಗ ಅದರಾಗ ಕಾಣ್ತಿದ್ದದ್ದು
ಬೈತಲಿ, ಕುಂಕುಮ, ಹುಬ್ಬಿನ ಮ್ಯಾಲಿಂದು ಒಂದಿಷ್ಟು.
ಕುಂಕುಮ ನೆಟ್ಟಗೈತೋ ಇಲ್ಲೋ ನೋಡಾಕ
ಬಾಯಿ, ಗದ್ದ ಯಾತಕ ಬೇಕು?

ಇಪ್ಪತ್ಮೂರು ವರ್ಷ.

ತೊಗರಿ ಸಾಲಿನ್ಯಾಗ ಕಳೆ ತಗೀತ ತಗೀತ
ಕಣ್ಣಿಗೆ ಕತ್ತಲಿ ಬಂದು ಕುಂತುಬಿಟ್ಟೆ ಒಂದಿನ.
ಅಕ್ಕಲಕೋಟಿ ದವಾಖಾನ್ಯಾಗ
ವೈಜಯಂತಾ ಸಿಸ್ಟರ್ ಚೀಟಿ ನೋಡಿ
‘ಏಳು’ ಅಂದ್ಳು.
ನಾ ಎದ್ದು ನಿಂತೆ.
‘ಅಯ್ಯ, ಕುಂಡ್ರಬೇ! ನಿನ್ನ ರಕ್ತ ಏಳು,
ಹನ್ನೆರಡು ಇರಬೇಕು’ ಅಂದು ನಕ್ಕು,
ನಗು ಮುಗಿಸಿ ಮರಾಠಿಗೆ ಹೊಳ್ಳಿದಳು:
‘ಸ್ವತಃಚೀ ಕಾಳಜಿ ಘ್ಯಾ, ಸುಗಲಾಬಾಯಿ.’

ಬಸ್ಸಿನ್ಯಾಗ ಅದೊಂದ ಮಾತು ಬಾಯಾಗ ಹೊಳ್ಳಾಡಿತು.
ಕಾಳಜಿ. ನಮ್ಮಲ್ಲೂ ಐತಿ ಆ ಮಾತು.
ಅತ್ತಿ ಮಣಕಾಲಿನ ಕಾಳಜಿ, ಶಿವಲೀಲಾನ ಹತ್ತನೇತ್ತಾ ಕಾಳಜಿ,
ಗಬ್ಬಾದ ಎಮ್ಮಿ ಕಾಳಜಿ,
ಬಚತ್ ಗಟದ ಕಂತಿನ ಕಾಳಜಿ.
ಎಮ್ಮಿಗೆ ಹಿಂಡಿ ನೆನಿಹಾಕೂದು ಒಂದಿನಾ ಮರ್ತಿಲ್ಲ.
ಸ್ವತಃದ್ದು ಅಂತ ಅದಕ್ಕೊಂದು ಬಾಲಾ ಹಚ್ಚಬಹುದು ಅಂತ
ಎರಡೂ ಭಾಷಾದಾಗ ನಂಗ್ಯಾರೂ ಹೇಳಿದ್ದಿಲ್ಲ.

ಮರುದಿನ ಮುಂಜಾನೆ
ಹಂಚಿನ ಮ್ಯಾಲ ಮೊದಲನೇ ರೊಟ್ಟಿ ಉಬ್ಬಿತು.
ನಾ ತಿನ್ನೂದು ಯಾವಾಗೂ ಕಡೀದು, ಹರಿದದ್ದು,
ಹಿಟ್ಟು ಸಾಲದ ಅಂಗೈ ಅಗಲ ಬಡಿದದ್ದು.
ಅವತ್ತು ಆ ಮೊದಲನೇದ್ದು ಮುರಿದೆ.
ಉಗಿ ಬೆರಳು ಸುಟ್ಟಿತು.
ಶೇಂಗಾ ಚಟ್ನಿ, ಒಂದು ಚೂರು ಬೆಲ್ಲ.
ಒಲಿ ಮುಂದ ಕುಂತು, ಕಳ್ಳತನ ಮಾಡಿದವರಂಗ
ಬಾಗಿಲಾ ನೋಡ್ಕೋತ ತಿಂದೆ.

ಅತ್ತಿ ನೋಡಿದಳು.
‘ಹೆಂಗಸು ಮೊದಲ ಉಂಡ್ರ ಮನಿ ಬರಕತ್ತು ಹೋಗ್ತೈತಿ’ ಅಂದ್ಳು.
ನಾ ಕಬ್ಬಿಣದ ಗುಳಿಗಿ ನುಂಗಿ ನೀರು ಕುಡದೆ.
ಎರಡನೇ ದಿನಾನೂ ಅದೇ ಅಂದ್ಳು. ಮೂರನೇ ದಿನಾ ಸುಮ್ಮನಾದಳು.
ಎಂಟನೇ ದಿನಾ ಗಂಗಾಳ ಹಿಡಕೊಂಡು ಒಲಿ ಹತ್ರ ಬಂದು
‘ಬಿಸೀದು ಹೆಂಗಿರ್ತೈತಿ, ನೋಡೂಣು ಕೊಡು’ ಅಂದ್ಳು.
ಎಪ್ಪತ್ತೊಂದು ವರ್ಷ ಅತ್ತಿಗೆ.
ಊದಿ ಊದಿ ತಿಂದ್ಳು. ನಾ ಆಕೀ ಮಾರಿ ನೋಡಲಿಲ್ಲ.

ರಾತ್ರಿ ಒಡದ ಹಿಮ್ಮಡಿಗೆ ಕೊಬ್ಬರಿ ಎಣ್ಣಿ ತಿಕ್ಕೊಂತೀನಿ.
ಯಾವತ್ತರ ಬ್ಯಾಸರಾದ್ರ ಬಿಡ್ತೀನಿ. ಸುಳ್ಳ ಯಾಕ ಹೇಳ್ಲಿ.
ಮಧ್ಯಾಹ್ನ ಬೇವಿನ ಬುಡದಾಗ ಅರ್ಧ ತಾಸು ಅಡ್ಡಾಗ್ತೀನಿ,
ಅದಕ್ಕ ಬಾಜೂ ಮನಿ ಇಂದುಮತಿ
‘ರಾಣಿಗೆ ನಿದ್ದಿ ಬಂತೇನು?’ ಅಂತಾಳ.
‘ಬಂತವಾ’ ಅಂತೀನಿ.

ದೀಪಾವಳಿಗೆ ಸುಣ್ಣಾ ಹಚ್ಚಾಕ ಕನ್ನಡಿ ಇಳಿಸಿದ್ವಿ.
ತಿರುಗಿ ಹಾಕೂವಾಗ
ನಾನ ಸುತ್ತಿಗಿ ತಗೊಂಡೆ.
ಹಳೇ ಮೊಳಿಗಿಂತ ಎರಡು ಗೇಣು ಕೆಳಗ
ಹೊಸಾದೊಂದು ಬಡದೆ.
ಎರಡನೇ ಏಟಿಗೆ ಸೊಟ್ಟಾತು. ನೆಟ್ಟಗ ಮಾಡಿ ಮತ್ತ ಬಡದೆ.

ಆವಾಗ ನೋಡಿದೆ.
ಗದ್ದದ ಎಡಕ್ಕ ನಮ್ಮವ್ವಂದೇ ಮಚ್ಚಿ.
ಒಂದು ದವಡಿ ಹಲ್ಲಿಲ್ಲ. ಕೊಳ್ಳಾಗ ಎರಡು ಗೆರಿ.
ಚೆಂದ ಅಂತ ಏನಲ್ಲ.
ಆದ್ರ ಭಾಳ ದಿನಕ್ಕ ಸಂತ್ಯಾಗ ಸಿಕ್ಕ ತವರೂರಿನಾಕೀನ್ನ
ಹೆಂಗ ದಿಟ್ಟಿಸಿ ನೋಡ್ತೀವಿ, ಹಂಗ ನಿಂತಬಿಟ್ಟೆ.
ಆಕೀನೂ ನಿಂತಳು.

ಇವರು ಮುಂಜಾನೆ ಬಗ್ಗಿ ಗಡ್ಡಾ ಕೆರೀತಾರ ಈಗ.
ಮೊದಲನೇ ದಿನಾ ಗದ್ದಕ್ಕ ಗಾಯಾ ಮಾಡ್ಕೊಂಡು
‘ಇದ್ಯಾರ ಕೆಲಸಾ?’ ಅಂದ್ರು.
‘ನಂದು’ ಅಂದೆ.
ಸ್ಟೂಲ್ ಎಳಕೊಂಡು ಕುಂತ್ರು.

ಮ್ಯಾಲಿನ ಮೊಳಿ ಕಿತ್ತಿಲ್ಲ.
ಸಿಸ್ಟರ್ ಕೊಟ್ಟ ಹೊಸಾ ಚೀಟಿ ಅದಕ್ಕ ಚುಚ್ಚೀನಿ,
ಒಂಬತ್ತೂವರಿ.
ಅದನ್ನ ಓದಾಕಷ್ಟ
ಹಿಮ್ಮಡಿ ಎತ್ತಬೇಕು.