ಹತ್ತು ಅಂಕದ ಪ್ರಶ್ನೆ

ಮೌಲ್ಯಮಾಪನ ಕೇಂದ್ರ, ದಾವಣಗೆರೆ. ಮೇ ತಿಂಗಳು.
ಫ್ಯಾನು ತಿರುಗುತ್ತಿದೆ, ಗಾಳಿ ಬರುತ್ತಿಲ್ಲ.
ನನ್ನ ಪಾಲಿಗೆ ದಿನಕ್ಕೆ ನಲವತ್ತು ಪತ್ರಿಕೆ,
ಕೆಂಪು ಪೆನ್ನು ಎರಡು,
ಮಾದರಿ ಉತ್ತರದ ಹಾಳೆ ಒಂದು.

ಯಾವುದಕ್ಕೂ ಹೆಸರಿಲ್ಲ. ಮುಖಪುಟದ ಮೂಲೆ ಹರಿದು
ಅಂಕಿ ಬರೆದಿದ್ದಾರೆ. ಜಾತಿ ಗೊತ್ತಾಗದು, ಊರು ಗೊತ್ತಾಗದು,
ಗಂಡೋ ಹೆಣ್ಣೋ ಅದೂ.
ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ನಾನು ಬಿಡಿಸಿದ
ಆ ಮನುಷ್ಯ ಇವನೇ:
ಬೆನ್ನಿಗೆ ಕುಲವಿಲ್ಲದವನು,
ಕೈಯಲ್ಲಿ ತರ್ಕ ಬಿಟ್ಟರೆ ಬೇರೇನೂ ಇಲ್ಲದವನು,
ರಾಜ್ಯ ಹುಟ್ಟುವ ಮೊದಲು ಕಾಡಂಚಿನಲ್ಲಿ ನಿಂತು
ಲಾಭ ನಷ್ಟದ ಲೆಕ್ಕ ಹಾಕಿದವನು.
ಕೊನೆಗೂ ಸಿಕ್ಕ, ಇಲ್ಲಿ, ಕಟ್ಟು ಕಟ್ಟಾಗಿ,
ಸೆಣಬಿನ ದಾರದಲ್ಲಿ.

ಪ್ರಶ್ನೆ ಏಳು. ಸಾಮಾಜಿಕ ಒಪ್ಪಂದ ಸಿದ್ಧಾಂತ ವಿವರಿಸಿ.
ನಿಸರ್ಗ ಸ್ಥಿತಿಗೆ ಎರಡು ಅಂಕ, ಭಯಕ್ಕೆ ಒಂದು,
ಒಪ್ಪಂದಕ್ಕೆ ಮೂರು, ಸಾರ್ವಭೌಮನ ಲಕ್ಷಣಕ್ಕೆ ಎರಡು,
ಟೀಕೆ, ಉಪಸಂಹಾರ ಒಂದೊಂದು.
ಎಲ್ಲರೂ ಒಂದೇ ಗೈಡು ಓದಿದ್ದಾರೆ. ಎಲ್ಲರ ಕಾಡಿನಲ್ಲೂ
ಅದೇ ಭಯ, ಅದೇ ಕಾಗುಣಿತದ ತಪ್ಪು.

ಇಪ್ಪತ್ಮೂರನೆಯದರ ಅಂಚಿನಲ್ಲಿ ಒಂದು ಕಪ್ಪು ಹೆಬ್ಬೆರಳು.
ಇಂಕಲ್ಲ. ಮೂಸಿದೆ.
ಹೊಟ್ಟಿನ ಹೊಗೆ, ಹುರಿದ ಅಕ್ಕಿ, ಉಪ್ಪು.
ಬಾಷಾ ನಗರದ ಕಡೆಯ ಮಂಡಕ್ಕಿ ಭಟ್ಟಿ ಸಾಲು.
ಹೆಸರು ಹರಿದವರು ಇದನ್ನು ಹರಿಯಲು ಮರೆತಿದ್ದರು.

"ಒಪ್ಪಂದ ಆಗಿದ್ದು ನಿಜ," ಎಂದು ಶುರು. "ನಮ್ಮ ಮನೆಯಲ್ಲಿ ನಕಲು ಇದೆ.
ಗಿರಣಿ ಮುಚ್ಚಿದ ವರ್ಷ ಅಜ್ಜ ಸಾಲಿನಲ್ಲಿ ನಿಂತು
ಹೆಬ್ಬೆಟ್ಟು ಒತ್ತಿದ. ಓದಿ ಹೇಳಿ ಅಂದನಂತೆ.
ಬಿಸಿಲಿತ್ತು, ಹಿಂದಿನವರು ತಳ್ಳಿದರಂತೆ.
ನಿಸರ್ಗ ಸ್ಥಿತಿ ಕಾಲ್ಪನಿಕ ಎಂದು ಪುಸ್ತಕದಲ್ಲಿದೆ.
ರಾತ್ರಿ ಎರಡಕ್ಕೆ ಭಟ್ಟಿ ಹೊತ್ತಿಸುವಾಗ ಬೀದಿಯಲ್ಲಿ
ನಾನು, ಒಂದು ನಾಯಿ, ಗಸ್ತಿನ ಪೊಲೀಸು.
ಮೂವರಲ್ಲಿ ಯಾರು ಯಾರಿಗೆ ಹೆದರಬೇಕು ಎಂಬುದು
ಪುಸ್ತಕದಲ್ಲಿಲ್ಲ.
ಆದರೂ ರಾಜ್ಯ ಬೇಕು. ಪೊಲೀಸು ಬರದ ರಾತ್ರಿ
ಸಾಹುಕಾರನ ಆಳು ಬಂದಿದ್ದ.
ಅದಕ್ಕೇ ಬೇಕು ಅನ್ನುತ್ತೇನೆ,
ನಾನು ಸಹಿ ಮಾಡಿದ್ದೇನೆ ಅಂತ ಅಲ್ಲ."

ಪ್ರಶ್ನೆ ಒಂಬತ್ತು. ಇತಿಹಾಸ ಪ್ರಗತಿಯ ಕಡೆಗೆ ಸಾಗುತ್ತದೆಯೇ? ಚರ್ಚಿಸಿ.
"ಅಜ್ಜನ ಶ್ವಾಸಕೋಶದಲ್ಲಿ ಹತ್ತಿ.
ಅಪ್ಪನದರಲ್ಲಿ ಟೈರಿನ ಹೊಗೆ.
ನನ್ನದರಲ್ಲಿ ಏನೂ ಕಂಡಿಲ್ಲ, ಇನ್ನೂ ಎಕ್ಸ್‌ರೇ ತೆಗೆಸಿಲ್ಲ.
ಆದ್ದರಿಂದ ಪ್ರಗತಿ ಆಗಿದೆ ಎಂದು ಹೇಳಬಹುದು."
ಕೆಳಗೆ ಸ್ಕೇಲಿಟ್ಟು ಎರಡು ಗೆರೆ.

ನಾನು ಚಿಕ್ಕವಳಿದ್ದಾಗ ಗಿರಣಿಯ ಸೈರನ್ನಿಗೆ
ಅಮ್ಮ ಹಾಲು ಕಾಯಲಿಡುತ್ತಿದ್ದಳು, ಅಪ್ಪ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು.
ಊರನ್ನೆಲ್ಲ ಒಟ್ಟಿಗೆ ಎಬ್ಬಿಸಿ
ಒಂದೇ ದಿಕ್ಕಿಗೆ ನಡೆಸುವ ಆ ಸದ್ದನ್ನೇ
ಮುಂದೆ ತರಗತಿಯಲ್ಲಿ ಇತಿಹಾಸ ಎಂದು ಹೇಳಿಕೊಟ್ಟೆ.
ಒಳಗಿನ ಕೆಮ್ಮು ಕೇಳಿಸುವಷ್ಟು ಹತ್ತಿರ
ನಮ್ಮ ಮನೆ ಇರಲಿಲ್ಲ.

"ಏನ್ರೀ ಮೇಡಂ, ಕಾದಂಬರಿ ಓದಾಕತ್ತೀರೇನು?"
ಚೀಫ್ ಕೊಟ್ರಬಸಯ್ಯ ಚಾ ಲೋಟದ ಸಮೇತ ಬೆನ್ನ ಹಿಂದೆ.
"ಪಾಯಿಂಟ್ ನೋಡ್ರಿ, ಹಾಕ್ರಿ. ನಾಲ್ಕೂವರೆಗೆ ಕಟ್ಟು ಸೀಲಾಗಬೇಕು."

ಲಕ್ಷಣ ಬರೆದಿಲ್ಲ. ಉಪಸಂಹಾರ ಇದೆಯೋ ಇಲ್ಲವೋ.
ಏಳನೆಯದಕ್ಕೆ ಮೂರು ಹಾಕಿದೆ.
ತಪ್ಪಲ್ಲ. ಒಂದು ಅಂಕಿಗೆ ನಿಯಮ ಸಡಿಲಿಸಿದರೆ
ಉಳಿದ ಮೂವತ್ತೊಂಬತ್ತಕ್ಕೆ ಏನು ಹೇಳಲಿ?
ಎಲ್ಲರಿಗೂ ಒಂದೇ ತಕ್ಕಡಿ ಎಂದೇ ಅಲ್ಲವೇ
ಹೆಸರು ಹರಿದದ್ದು? ಆ ಹರಿದ ಮೂಲೆಯಿಂದಲೇ ಅಲ್ಲವೇ
ನನ್ನಂಥವಳೂ ಒಮ್ಮೆ ಪಾಸಾದದ್ದು?

ಚೀಫ್ ಕಿಟಕಿಯ ಕಡೆ ಹೋದರು.
ಮೂರನ್ನು ಹೊಡೆದುಹಾಕಿದೆ.
ಪಕ್ಕದಲ್ಲಿ ಎಂಟು.

ತಿದ್ದಿದ ಕಡೆ ಮೌಲ್ಯಮಾಪಕರ ಸಹಿ ಕಡ್ಡಾಯ,
ಸೂಚನೆ ಹನ್ನೊಂದು.
ಪೆನ್ನು ಹಾಳೆಗೆ ತಾಗಿಸಿ ಸ್ವಲ್ಪ ಹೊತ್ತು ಕೂತೆ.
ಹೊರಗೆ ಬಿಸಿಲಿತ್ತು.
ಹಿಂದಿನಿಂದ ಯಾರೂ ತಳ್ಳುತ್ತಿರಲಿಲ್ಲ.
ಪೂರ್ತಿ ಓದಿದ್ದೆ.

ಹಾಕಿದೆ.

ಇಪ್ಪತ್ನಾಲ್ಕನೆಯದು ತೆಗೆದೆ:
"ನಿಸರ್ಗ ಸ್ಥಿತಿಯಲ್ಲಿ ಮನುಷ್ಯನು