ಸದ್ದು ನಿಂತ ಜಾಗ

ಮಲ್ಪೆಯ ನಸುಕು. ಬೋಟು ಕಾಣದು, ಸದ್ದಷ್ಟೇ.
ಬುಟ್ಟಿ ಬೋರಲು ಹಾಕಿ ಕೂತ ಗುಲಾಬಿಯಕ್ಕ
ಎಲೆಯಡಿಕೆ ಜಗಿಯುವುದನ್ನೂ ನಿಲ್ಲಿಸಿ ಕಿವಿಗೊಡುತ್ತಾಳೆ:
ಇಂಜಿನ್ ಎಲ್ಲಿ ಬಂದಾಗುತ್ತದೆ?

ಖಾಲಿ ಬೋಟನ್ನು ತಾಂಡೇಲ ಭುಜಂಗ ತಿಂಗಳಾಯ
ಧಕ್ಕೆಯ ಮೂಗಿನವರೆಗೂ ಕೂಗಿಸಿಕೊಂಡೇ ತರುತ್ತಾನೆ,
ಬಂದ್ ಮಾಡಿದರೆ ಅಲ್ಲೇ ಸುಸ್ತಾಗುತ್ತದೆ.

ಇವತ್ತು
ಐಸ್ ಪ್ಲಾಂಟಿನ ದೀಪದ ಹತ್ತಿರವೇ ಸದ್ದು ನಿಂತುಹೋಯಿತು.
"ತುಂಬಿದೆ," ಎಂದಳು ಬುಟ್ಟಿ ಮಗುಚಿ,
"ಬಂಗುಡೆಯೋ ಬೂತಾಯಿಯೋ ಗೊತ್ತಿಲ್ಲ."

ಬುಟ್ಟಿ ಹೊರಿಸಲು ಬಂದವಳು ನಾನು,
ಕಂಕುಳಲ್ಲಿ ಪಿಯುಸಿ ಪುಸ್ತಕ, ನಾಳೆ ಪರೀಕ್ಷೆ:
ಸಂವೇಗವೆಂದರೆ ದ್ರವ್ಯರಾಶಿ ಗುಣಿಸು ವೇಗ.
ಕತ್ತಲಲ್ಲಿ ಯಾರೂ ತಳ್ಳದ ಭಾರವೊಂದು
ಬಂತು, ಬಂತು, ಬರುತ್ತಲೇ ಇತ್ತು.
ಹಗ್ಗ ಗೂಟ ಸುತ್ತಿ ಕಿರುಗುಟ್ಟಿತು,
ಧಕ್ಕೆಯ ಹಳೇ ಲಾರಿ ಟಯರು
ಅಪ್ಪಚ್ಚಿಯಾಗಿ,
ಆಮೇಲೆ ಮೆಲ್ಲಗೆ ಉಬ್ಬಿಕೊಂಡಿತು.